ದರಿಯಾ ದೌಲತ್: ಗೋಡೆಯ ಮೇಲಿನ ಪಾಠ ಮತ್ತು ಪಾಠಾಂತರ

ಶ್ರೀರಂಗಪಟ್ಟಣಕ್ಕೆ ಬರುವ ಪ್ರವಾಸಿಯ ಬೆಳಗು ಸಾಮಾನ್ಯವಾಗಿ ಕೋಟೆಯೊಳಗೆ ಕಳೆಯುತ್ತದೆ. ರಂಗನಾಥಸ್ವಾಮಿಯ ದೇವಾಲಯ, ಜುಮ್ಮಾ ಮಸೀದಿ, ಟಿಪ್ಪುವಿನ ಶವ ದೊರೆತ ಸ್ಥಳ, ಬ್ರಿಟಿಷ್ ಸೆರೆಯಾಳುಗಳನ್ನು ಇರಿಸಲಾಗಿತ್ತೆಂದು ತೋರಿಸಲಾಗುವ ನೆಲಮಾಳಿಗೆಯ ಸೆರೆಮನೆ ಇವೆಲ್ಲವನ್ನೂ ನೋಡಿದ ಬಳಿಕ ಅವನು ಕೋಟೆಯಿಂದ ಹೊರಬಂದು ಪೂರ್ವಕ್ಕೆ ಸಾಗುತ್ತಾನೆ. ಅಲ್ಲಿ ಕಾವೇರಿಯ ದಡದಲ್ಲಿ ವಿಶಾಲವಾದ ತೋಟ, ತೋಟದ ನಡುವೆ ಎತ್ತರದ ಜಗಲಿಯ ಮೇಲೆ ಚೌಕಾಕಾರದ ಅರಮನೆಯೊಂದು ಕಾಣುತ್ತದೆ. ಇದೇ ದರಿಯಾ ದೌಲತ್ ಬಾಗ್. ಪಾರಸಿಯಲ್ಲಿ ‘ದರಿಯಾ’ ಎಂಬುದು ಕಡಲನ್ನೂ ಹೊಳೆಯನ್ನೂ ಸೂಚಿಸುವ ಪದ. ‘ದೌಲತ್’ ಎಂದರೆ ಸಂಪತ್ತು. ‘ಬಾಗ್’ ಎಂದರೆ ತೋಟ. ಟಿಪ್ಪು ಸುಲ್ತಾನನು ಇದನ್ನು 1784ರಲ್ಲಿ ಬೇಸಿಗೆಯ ಅರಮನೆಯಾಗಿ ಕಟ್ಟಿಸಿದನು. ಎರಡನೆಯ ಮೈಸೂರು ಯುದ್ಧವನ್ನು ಮುಗಿಸಿದ ಮಂಗಳೂರು ಒಪ್ಪಂದವೂ ಅದೇ ವರ್ಷದ್ದು.

ಇಂದು ಭಾರತೀಯ ಪುರಾತತ್ತ್ವ ಸರ್ವೇಕ್ಷಣ ಇಲಾಖೆಯ ಆಶ್ರಯದಲ್ಲಿ ಅರಮನೆಯು ವಸ್ತುಸಂಗ್ರಹಾಲಯವಾಗಿದೆ. ಆದರೆ ಇಲ್ಲಿನ ಮುಖ್ಯ ವಸ್ತು ಗಾಜಿನ ಪೆಟ್ಟಿಗೆಯಲ್ಲಿಲ್ಲ. ಅದು ಗೋಡೆಯ ಮೇಲಿದೆ. ಪಶ್ಚಿಮದ ಹೊರಗೋಡೆಯನ್ನು ತುಂಬಿರುವ ವರ್ಣಚಿತ್ರಗಳಲ್ಲಿ 1780ರ ಸೆಪ್ಟೆಂಬರ್ 10ರಂದು ಕಾಂಚೀಪುರದ ಸಮೀಪ ನಡೆದ ಪೊಳ್ಳಿಲೂರಿನ ಕದನವಿದೆ. ಹೈದರ್ ಮತ್ತು ಟಿಪ್ಪುವಿನ ಸೈನ್ಯವು ಕರ್ನಲ್ ಬೈಲಿಯ ದಳವನ್ನು ಅಲ್ಲಿ ಸಂಪೂರ್ಣವಾಗಿ ಸೋಲಿಸಿತು. ಚಿತ್ರದಲ್ಲಿ ಮದ್ದಿನ ಬಂಡಿ ಸಿಡಿಯುತ್ತಿದೆ. ಕುದುರೆ ಸವಾರರು ನಾಲ್ಕೂ ಕಡೆಯಿಂದ ನುಗ್ಗುತ್ತಿದ್ದಾರೆ. ಮುತ್ತಿಗೆಗೊಳಗಾದ ಪಡೆಯ ನಡುವೆ ಬೈಲಿಯು ಪಲ್ಲಕ್ಕಿಯಲ್ಲಿದ್ದಾನೆ. ಇಷ್ಟೆಲ್ಲದರ ನಡುವೆ ಟಿಪ್ಪು ಮಾತ್ರ ಹೂವೊಂದನ್ನು ಮೂಸುತ್ತ ನಿರಾಳವಾಗಿದ್ದಾನೆ. ಪೂರ್ವದ ಗೋಡೆಯ ಮೇಲೆ ಮಾಗಡಿ ಕೆಂಪೇಗೌಡ, ಚಿತ್ರದುರ್ಗದ ಮದಕರಿನಾಯಕ ಮೊದಲಾದವರ ದರ್ಬಾರುಗಳು ಸಾಲುಸಾಲಾಗಿ ಚಿತ್ರಿತವಾಗಿವೆ.

ಇದು ಗೆದ್ದವನು ತನ್ನ ಗೆಲುವನ್ನು ಬರೆಸಿಕೊಂಡ ಗೋಡೆ ಎಂದು ಪ್ರವಾಸಿಯು ತಿಳಿಯುವುದು ಸಹಜ. ಆದರೆ ಆ ತಿಳಿವಳಿಕೆ ಅರ್ಧ ಮಾತ್ರ ನಿಜ. 1799ರ ಮೇ 4ರಂದು ಪಟ್ಟಣ ಕಂಪನಿಯ ವಶವಾದ ಬಳಿಕ, ಮುಂದೆ ಡ್ಯೂಕ್ ಆಫ್ ವೆಲಿಂಗ್ಟನ್ ಎಂದು ಪ್ರಸಿದ್ಧನಾದ ಕರ್ನಲ್ ಆರ್ಥರ್ ವೆಲ್ಲೆಸ್ಲಿ ಇದೇ ಅರಮನೆಯಲ್ಲಿ ವಾಸವಾಗಿದ್ದನು. ಬಣ್ಣ ಅಳಿಸಿಹೋಗಿದ್ದ ಕದನಚಿತ್ರವನ್ನು 1855ರಲ್ಲಿ ಗವರ್ನರ್ ಜನರಲ್ ಡಾಲ್‌ಹೌಸಿಯ ಆದೇಶದಂತೆ ಮತ್ತೆ ಬರೆಸಲಾಯಿತು. ಝಾನ್ಸಿ, ನಾಗಪುರ ಸಂಸ್ಥಾನಗಳನ್ನು ಕಂಪನಿಯ ರಾಜ್ಯಕ್ಕೆ ಸೇರಿಸಿಕೊಂಡ ಮರುವರ್ಷವೇ ಆತ ತನ್ನವರ ಸೋಲಿನ ಚಿತ್ರವನ್ನು ಉಳಿಸಿದನು. ಮೈಸೂರಿನಿಂದ ಇನ್ನು ಭಯವಿಲ್ಲವೆಂಬುದು ಖಚಿತವಾಗಿದ್ದ ಕಾಲ ಅದು. ಗೆದ್ದವನಿಗೆ ತನ್ನ ಹಳೆಯ ಸೋಲೂ ಕೌತುಕದ ವಸ್ತುವಾಗಬಲ್ಲದು.

ಹಾಗಾದರೆ ಇಂದು ಕಾಣುವ ಗೆರೆಗಳಲ್ಲಿ 1784ರ ಕೈ ಎಷ್ಟು, 1855ರ ಕೈ ಎಷ್ಟು? ಗ್ರಂಥಸಂಪಾದನೆಯ ವಿದ್ಯಾರ್ಥಿಗೆ ಇದು ಪರಿಚಿತ ಪ್ರಶ್ನೆ. ಕವಿಯ ಸ್ವಹಸ್ತಪ್ರತಿ ನಷ್ಟವಾಗಿ, ನಂತರದ ಲಿಪಿಕಾರರ ಪ್ರತಿ ಮಾತ್ರ ಉಳಿದಾಗ ಸಂಪಾದಕನು ಅದನ್ನು ತಳ್ಳಿಹಾಕುವುದಿಲ್ಲ. ಮೂಲವೆಂದು ಕಣ್ಣುಮುಚ್ಚಿ ನಂಬುವುದೂ ಇಲ್ಲ. ದರಿಯಾ ದೌಲತ್ತಿನ ಗೋಡೆಯೂ ಅಂಥ ಒಂದು ಪ್ರತಿ.

ಒಳಗಿನ ಕೋಣೆಗಳಲ್ಲಿ ಇದಕ್ಕೆ ಎದುರಾದ ಪಾಠವೊಂದಿದೆ. ಥಾಮಸ್ ಹಿಕ್ಕಿ ಬರೆದ ಟಿಪ್ಪುವಿನ ಮಕ್ಕಳ ಮತ್ತು ಅಧಿಕಾರಿಗಳ ರೇಖಾಚಿತ್ರಗಳು ಅಲ್ಲಿವೆ. ಹಿಕ್ಕಿ ಸೋತವರನ್ನು ಎದುರಿಗೆ ಕೂರಿಸಿಕೊಂಡು ಬರೆದವನು. ಕೋಟೆಯ ಪತನವನ್ನು ಚಿತ್ರಿಸಿದ ರಾಬರ್ಟ್ ಕೆರ್ ಪೋರ್ಟರನ ಕೃತಿಯೂ ಅಲ್ಲಿದೆ. 1800ರಲ್ಲಿ ಲಂಡನ್ನಿನ ಜನ ಅದೇ ವಿಷಯದ ಆತನ ಬೃಹತ್ ಚಿತ್ರವನ್ನು ಮುಗಿಬಿದ್ದು ನೋಡಿದ್ದರು. ಪೋರ್ಟರನು ಆವರೆಗೆ ಭಾರತಕ್ಕೇ ಬಂದವನಲ್ಲ. ಕಾವೇರಿಯನ್ನು ಕಾಣದವನ ಕಲ್ಪನೆಯೊಂದು ಕಾವೇರಿಯ ದಡದಲ್ಲಿ ಸಾಕ್ಷ್ಯದ ಸ್ಥಾನ ಪಡೆದಿದೆ.

ಇಲ್ಲಿ ಇಲ್ಲದಿರುವುದನ್ನೂ ಗಮನಿಸಬೇಕು. ಟಿಪ್ಪುವಿನ ಸಿಂಹಾಸನವನ್ನು ಒಡೆದು ಹಂಚಿಕೊಳ್ಳಲಾಯಿತು. ಅದರ ಮೇಲಿದ್ದ ಹುಮಾ ಪಕ್ಷಿ ಇಂಗ್ಲೆಂಡಿನ ರಾಜಮನೆತನದ ಸಂಗ್ರಹವನ್ನು ಸೇರಿತು. ಐರೋಪ್ಯನೊಬ್ಬನ ಮೇಲೆರಗಿದ ಮರದ ಯಾಂತ್ರಿಕ ಹುಲಿ ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ವಸ್ತುಸಂಗ್ರಹಾಲಯದಲ್ಲಿದೆ. ಅವನ ಗ್ರಂಥಭಂಡಾರವೂ ಕಂಪನಿಯ ಪಾಲಾಯಿತು. ಚಾರ್ಲ್ಸ್ ಸ್ಟೂವರ್ಟನು ಸಿದ್ಧಪಡಿಸಿದ ಅದರ ಸೂಚಿಯು 1809ರಲ್ಲಿ ಅಚ್ಚಾಯಿತು. ಇದೇ ಪಟ್ಟಣದಿಂದ ಆಳಿದ ಚಿಕ್ಕದೇವರಾಜ ಒಡೆಯರ ಆಶ್ರಯದಲ್ಲಿ ತಿರುಮಲಾರ್ಯ, ಚಿಕುಪಾಧ್ಯಾಯ, ‘ಹದಿಬದೆಯ ಧರ್ಮ’ದ ಸಂಚಿಯ ಹೊನ್ನಮ್ಮ ಬರೆದರು. ಖಡ್ಗ, ನಾಣ್ಯ, ಯುದ್ಧಚಿತ್ರಗಳನ್ನಷ್ಟೇ ನೋಡಿ ಹೊರಟ ಪ್ರವಾಸಿಗೆ ಇದು ಕಾವ್ಯದ ಪಟ್ಟಣವೂ ಆಗಿತ್ತೆಂಬ ಸುಳಿವೇ ದೊರೆಯಲಾರದು.

ಸಂಜೆಯ ಹೊತ್ತಿಗೆ ಪ್ರವಾಸಿಯು ದ್ವೀಪದ ಪೂರ್ವದ ತುದಿಯತ್ತ, ಗುಂಬಜ್‌ಗೆ ಬರುತ್ತಾನೆ. ಹೈದರ್ ಅಲಿ, ಫಕ್ರುನ್ನಿಸಾ ಮತ್ತು ಟಿಪ್ಪು ಅಲ್ಲಿ ಸಮಾಧಿಸ್ಥರು. ಅದರ ಸಮೀಪದಲ್ಲೇ, ಅಷ್ಟಾಗಿ ಯಾರೂ ನಿಂತು ನೋಡದ ಇನ್ನೊಂದು ಸ್ಮಾರಕವಿದೆ. ಅದು ಗೋಡೆಯ ಚಿತ್ರದಲ್ಲಿ ಪಲ್ಲಕ್ಕಿಯೊಳಗೆ ಕಂಡ ಬೈಲಿಯದು. ಸೆರೆಯಾಳಾಗಿ ಇದೇ ಪಟ್ಟಣಕ್ಕೆ ಬಂದ ಆತ 1782ರಲ್ಲಿ ಇಲ್ಲಿಯೇ ತೀರಿಕೊಂಡನು. ಲಖನೌದಲ್ಲಿ ರೆಸಿಡೆಂಟನಾಗಿದ್ದ ಅವನ ಸಂಬಂಧಿ ಜಾನ್ ಬೈಲಿ 1816ರಲ್ಲಿ ಈ ಸ್ಮಾರಕವನ್ನು ಕಟ್ಟಿಸಿದನು.

ಬೆಳಗ್ಗೆ ಸೆರೆಮನೆ, ಮಧ್ಯಾಹ್ನ ಚಿತ್ರ, ಸಂಜೆ ಸ್ಮಾರಕ: ಒಬ್ಬನೇ ವ್ಯಕ್ತಿಯ ಕಥೆಯನ್ನು ಮೂರು ಕೈಗಳು ಮೂರು ಬಗೆಯಲ್ಲಿ ಬರೆದಿವೆ. ಇವುಗಳಲ್ಲಿ ಒಂದನ್ನೇ ಓದಿದವನು ಅಭಿಮಾನವನ್ನೋ ಮರುಕವನ್ನೋ ಹೊತ್ತು ಮನೆಗೆ ಮರಳುತ್ತಾನೆ. ಮೂರನ್ನೂ ಒಟ್ಟಿಗೆ ಇಟ್ಟು ಓದಿದವನಿಗೆ ಮಾತ್ರ ಅದು ಇತಿಹಾಸವಾಗುತ್ತದೆ.