ಪೆಟ್ಟಿಗೆಯೊಳಗೆ ಕೂತ ತಂಬೂರಿ

ಬೆಳ್ಳಾರೆ ಸುತ್ತಮುತ್ತ ಯಕ್ಷಗಾನಕ್ಕೆ ಹೋದವರು ಭಾಗವತರ ಪಕ್ಕದಲ್ಲಿ ಪುಟ್ಟದೊಂದು ಎಲೆಕ್ಟ್ರಾನಿಕ್ ಶ್ರುತಿಪೆಟ್ಟಿಗೆಯನ್ನು ಕಂಡಿರಬಹುದು. ಚೆಂಡೆಯ ಅಬ್ಬರದಲ್ಲಿ ಪ್ರೇಕ್ಷಕರಿಗೆ ಅದರ ದನಿ ಕೇಳುವುದೇ ಅಪರೂಪ. ನಿಂತುಹೋದರೆ ಮಾತ್ರ ಭಾಗವತರಿಗೆ ತಕ್ಷಣ ಗೊತ್ತಾಗುತ್ತದೆ. ಈ ಕೆಲಸವನ್ನು ಒಂದು ಕಾಲದಲ್ಲಿ ಪುಂಗಿ ಮಾಡುತ್ತಿತ್ತು, ಆಮೇಲೆ ಹಾರ್ಮೋನಿಯಂ.

ಹಾರ್ಮೋನಿಯಂನಂತೆ ಒಂದೇ ಸಮನೆ ಮೊರೆಯುವ ನಾದವನ್ನು ಯಂತ್ರದಿಂದ ಹೊರಡಿಸುವುದು ಅಷ್ಟೇನೂ ಕಷ್ಟವಲ್ಲ. ಕಷ್ಟ ಇರುವುದು ಸಂಗೀತ ಕಛೇರಿಯ ತಂಬೂರಿಯಲ್ಲಿ. ಇರುವುದು ನಾಲ್ಕೇ ತಂತಿ: ಪ, ಸ, ಸ, ಸ. ಆದರೆ ತಂತಿ ಕೂರುವ ಕುದುರೆಯ ಮೈ ತುಸು ಉಬ್ಬಿರುತ್ತದೆ. ತಂತಿಯ ಅಡಿಗೆ ಒಂದು ಎಳೆ ದಾರ ತೂರಿಸಿರುತ್ತಾರೆ. ಮೀಟಿದ ತಂತಿ ಕುದುರೆಯನ್ನು ಮತ್ತೆ ಮತ್ತೆ ಸವರುತ್ತ ಕಂಪಿಸುತ್ತದೆ. ಆಗ ಒಂದೇ ಸ್ವರದೊಳಗಿಂದ ಹಲವು ಉಪಸ್ವರಗಳು ಮಿನುಗಿ ಮರೆಯಾಗುತ್ತವೆ. ಅದೇ ಝೇಂಕಾರ. ದಾರವನ್ನು ಕೂದಲೆಳೆಯಷ್ಟು ಸರಿಸಿದರೂ ಅದು ಬದಲಾಗುತ್ತದೆ. ಉಪಸ್ವರವೊಂದು ತಂತಿಯ ಯಾವ ಬಿಂದುವಿನಲ್ಲಿ ನಿಶ್ಚಲವೋ ಅಲ್ಲೇ ಮೀಟಿದರೆ ಆ ಉಪಸ್ವರ ಕೇಳಬಾರದು ಎಂಬುದು ಹಳೆಯ ನಿಯಮ. ತಂಬೂರಿ, ವೀಣೆಗಳಲ್ಲಿ ಅದೂ ಕೇಳುತ್ತದೆಂದು ಸಿ.ವಿ. ರಾಮನ್ 1921ರಲ್ಲೇ ತೋರಿಸಿದ್ದರು.

ಈ ಹಠಮಾರಿ ನಾದದ ಬೆನ್ನು ಹತ್ತಿದವರು ಬೆಂಗಳೂರಿನ ಜಿ. ರಾಜನಾರಾಯಣ್. ಕೊಳಲು ವಾದಕರು, ಎಚ್‌ಎಎಲ್‌ನಲ್ಲಿ ದುಡಿದ ಎಲೆಕ್ಟ್ರಾನಿಕ್ಸ್ ಎಂಜಿನಿಯರೂ ಹೌದು. ಅವರ ಎಲೆಕ್ಟ್ರಾನಿಕ್ ತಂಬೂರಿ 1979ರಲ್ಲಿ ಹೊರಬಂತು. ರಾಡೆಲ್ ಎಂಬ ಹೆಸರು ಸಂಗೀತಗಾರರ ಮನೆಮಾತಾಯಿತು. ಸಿಂಥಸೈಜರ್‌ನಲ್ಲಿ ಕೇಳಿದ ದನಿಯೊಂದನ್ನು ಮತ್ತೆ ಹುಟ್ಟಿಸಹೊರಟವರೆಲ್ಲ ಎದುರಿಸುವ ಸಮಸ್ಯೆಯೂ ಇದೇ. ಸ್ವರದ ಎತ್ತರ ಹೊಂದಿಸುವುದು ಕ್ಷಣದ ಕೆಲಸ. ದನಿ ಹೇಗೆ ಏಳುತ್ತದೆ, ಬೀಳುವಾಗ ಯಾವ ಉಪಸ್ವರ ಮೊದಲು ಕರಗುತ್ತದೆ ಎಂಬುದನ್ನು ಹಿಡಿಯುವಾಗಲೇ ಬೆವರು ಇಳಿಯುವುದು. ಮುಂದೆ ಅಸಲಿ ತಂಬೂರಿಯ ನಾದವನ್ನೇ ಮುದ್ರಿಸಿ ಚಿಪ್‌ನಲ್ಲಿ ತುಂಬಿದ ಪೆಟ್ಟಿಗೆಗಳೂ ಬಂದವು. ಕಿವಿಗೆ ಅವು ಹಿತ, ನಿಜ. ಆದರೆ ಅದು ನಾದದ ಫೋಟೊ. ಮೊದಲಿನದು ಕೈಯಿಂದ ಬಿಡಿಸಿದ ಚಿತ್ರ.

ಅನುಕರಣೆ ಸೋತು ಗೆದ್ದದ್ದೂ ಉಂಟು. ಜಪಾನಿನ ರೋಲಂಡ್ ಕಂಪನಿಯ ಟಿಬಿ-303 ಯಂತ್ರ ಹುಟ್ಟಿದ್ದು ಬೇಸ್ ಗಿಟಾರ್‌ನ ಬದಲಿಯಾಗಿ. ಗಿಟಾರ್‌ನಂತೆ ಅದು ಕೇಳಿಸಲೇ ಇಲ್ಲ. 1982ರಲ್ಲಿ ಮುಂಬೈಯ ಚರಣ್‌ಜಿತ್ ಸಿಂಗ್ ಅದೇ ಯಂತ್ರವನ್ನು ಡಿಸ್ಕೊ ತಾಳದ ರಾಗಗಳಿಗೆ ಬಳಸಿದರು. ಈಗ ಆ 'ಸೋತ' ದನಿಯನ್ನೇ ನಕಲು ಮಾಡುವ ಯಂತ್ರಗಳಿವೆ!

ತಂಬೂರಿ ಪೆಟ್ಟಿಗೆ ಹಾಗೆ ಸೋಲಲಿಲ್ಲ. ಅದಕ್ಕೆ ಬೆಲೆ ತೆತ್ತವರು ಬೇರೆ. ಗಾಯಕರ ಬೆನ್ನ ಹಿಂದೆ ತಂಬೂರಿ ಮೀಟುತ್ತ, ಕಛೇರಿಗೆ ಕಛೇರಿಯನ್ನೇ ಕೇಳಿ ಕಲಿಯುತ್ತಿದ್ದ ಶಿಷ್ಯನ ಜಾಗ ಅನೇಕ ವೇದಿಕೆಗಳಲ್ಲಿ ಖಾಲಿಯಾಯಿತು. ಪೆಟ್ಟಿಗೆಗೆ ಬಸ್ ಚಾರ್ಜೂ ಬೇಡ, ಊಟವೂ ಬೇಡ. ಗಡಿಯಾಚೆಯ ಮೀರಜ್‌ನಲ್ಲಿ ಸೋರೆ ಬುರುಡೆ ಕೊರೆದು ತಂಬೂರಿ ಮಾಡುವ ಕೈಗಳು ಇನ್ನೂ ಇವೆ. ಅಲ್ಲಿನ ತಂಬೂರಿಗೆ 2024ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆಯೂ ಸಿಕ್ಕಿತು.

ಕೆಲವು ಕಛೇರಿಗಳಲ್ಲಿ ಎರಡೂ ಇರುತ್ತವೆ, ತಂಬೂರಿ ಮತ್ತು ಪೆಟ್ಟಿಗೆ. ತಂತಿ ಸ್ವಲ್ಪ ಇಳಿದರೆ ತಂಬೂರಿಯವರು ಬಗ್ಗಿ, ಕಿವಿಗೊಟ್ಟು, ಪೆಟ್ಟಿಗೆಯ ಶ್ರುತಿಗೇ ಅದನ್ನು ಹೊಂದಿಸಿಕೊಳ್ಳುತ್ತಾರೆ.