ಬ್ಲಫ್‌ನಿಂದ ಬೋರ್‌ವೆಲ್‌ವರೆಗೆ: ನಮ್ಮ ಸೀಮೆಯ ಕರೆಂಟಿನ ಕಥೆ



ನಮ್ಮ ಸಂಘಕ್ಕೆ 25 ವರ್ಷ ತುಂಬಿದ ಈ ಸಂದರ್ಭದಲ್ಲಿ ಸಾಲ, ಷೇರು, ಗೊಬ್ಬರದ ಲೆಕ್ಕದ ಜೊತೆಗೆ ಇನ್ನೊಂದು ಲೆಕ್ಕವನ್ನೂ ನೋಡೋಣ ಎನ್ನಿಸಿತು. ನಾವು ಕೊಡುವ ಬೆಳೆಸಾಲ ಕಬ್ಬಾಗಿ, ಭತ್ತವಾಗಿ, ರೇಷ್ಮೆಯಾಗಿ ತಿರುಗಿ ಬರಬೇಕಾದರೆ ನೀರು ಬೇಕು. ನಾಲೆ ಮುಟ್ಟದ ಹೊಲಕ್ಕೆ ನೀರು ಹಾಯಬೇಕಾದರೆ ಕರೆಂಟು ಬೇಕು. ಆದ್ದರಿಂದ ಕರೆಂಟಿನ ಚರಿತ್ರೆ ಸಂಘದ ಚರಿತ್ರೆಯೂ ಹೌದು.

ಇದು ಶುರುವಾದದ್ದು ಪಕ್ಕದ ಮಳವಳ್ಳಿ ತಾಲ್ಲೂಕಿನಲ್ಲೇ. ದಿವಾನ್ ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ ಕೈಗೊಂಡ ಶಿವನಸಮುದ್ರದ ಜಲವಿದ್ಯುತ್ ಕೇಂದ್ರ 1902ರ ಜೂನ್‌ನಲ್ಲಿ ಚಾಲನೆಗೊಂಡಿತು. ನಮ್ಮವರು 'ಬ್ಲಫ್' ಎನ್ನುವುದು ಇದೇ ಜಾಗವನ್ನು. ಅಲ್ಲಿನ ಕರೆಂಟು ಸುಮಾರು 147 ಕಿಲೋಮೀಟರು ದೂರದ ಕೋಲಾರದ ಚಿನ್ನದ ಗಣಿಗೆ ಹೋಯಿತು. 1905ರಲ್ಲಿ ಬೆಂಗಳೂರಿನ ಬೀದಿದೀಪ ಬೆಳಗಿತು. 1911ರಲ್ಲಿ ಕನ್ನಂಬಾಡಿ ಕಟ್ಟೆಯ ಕೆಲಸ ಶುರುವಾಗಲು ಈ ಕೇಂದ್ರಕ್ಕೆ ವರ್ಷಪೂರ್ತಿ ನೀರು ಬೇಕೆಂಬುದೂ ಒಂದು ಕಾರಣ. 1940ರಲ್ಲಿ ಶಿಂಷಾ ಕೇಂದ್ರವೂ ಬಂತು. ಸುತ್ತಲಿನ ಹಳ್ಳಿಗಳಲ್ಲಿ ಮಾತ್ರ ಬಹುಕಾಲ ಸೀಮೆಎಣ್ಣೆ ಬುಡ್ಡಿಯೇ. ದೀಪದ ಬುಡದಲ್ಲಿ ಕತ್ತಲೆ ಎಂಬ ಗಾದೆ ನಮಗೆಂದೇ ಹೇಳಿದ್ದೇನೋ!

1957ರಲ್ಲಿ ರಾಜ್ಯದ ವಿದ್ಯುಚ್ಛಕ್ತಿ ಮಂಡಳಿ ಸ್ಥಾಪನೆಯಾದ ಮೇಲೆ ಕಂಬಗಳು ಹಳ್ಳಿ ಕಡೆ ನಡೆದವು. ಕಪಿಲೆ ಬಾನಿ ಮೂಲೆ ಸೇರಿತು, ಪಂಪ್‌ಸೆಟ್ಟು ಬಂತು. ಆಮೇಲಿನ ಕಷ್ಟ ಎಲ್ಲರಿಗೂ ಗೊತ್ತು. ತ್ರೀ ಫೇಸು ಬರುವುದು ನಡುರಾತ್ರಿ. ಟಾರ್ಚು ಹಿಡಿದು ಗದ್ದೆಗೆ ಹೋದವರಿಗೆ ಹಾವಿನ ಭಯ. ಕಾದು ಸಾಕಾಗಿ ಆಟೋ ಸ್ಟಾರ್ಟರ್ ಹಾಕಿಸಿದೆವು. ಕರೆಂಟು ಬಂದ ಕೂಡಲೇ ಎಲ್ಲ ಮೋಟಾರೂ ಒಟ್ಟಿಗೇ ಎದ್ದವು. ವೋಲ್ಟೇಜ್ ಬಿತ್ತು, ಕಾಯಿಲ್ ಸುಟ್ಟಿತು, ಕಡೆಗೆ ಟಿ.ಸಿ.ಯೂ ಹೋಯಿತು. ಬೆಳೆ ಒಣಗುತ್ತಿರುವಾಗ ಮನೆಗಿಷ್ಟು ಅಂತ ಚಂದಾ ಎತ್ತಿ, ಸುಟ್ಟ ಟಿ.ಸಿ.ಯನ್ನು ಟ್ರ್ಯಾಕ್ಟರಿಗೆ ಹೇರಿಕೊಂಡು ಹೋಗಿದ್ದೂ ಉಂಟು.

ನಮ್ಮ ಸಂಘ ಕಣ್ಣು ಬಿಡುತ್ತಿದ್ದ ಕಾಲಕ್ಕೇ ಮಂಡಳಿಯೂ ಒಡೆದು ಬೇರೆ ರೂಪ ತಾಳಿತು. 1999ರ ಸುಧಾರಣಾ ಕಾಯಿದೆಯಿಂದ ಕೆ.ಪಿ.ಟಿ.ಸಿ.ಎಲ್. ಆಯಿತು, ದರ ನಿಗದಿಗೆ ನಿಯಂತ್ರಣ ಆಯೋಗ ಬಂತು. 2002ರಲ್ಲಿ ವಿತರಣೆ ಬೇರೆಯಾಗಿ ನಾವು ಮಂಗಳೂರು ಕಂಪನಿಗೆ ಸೇರಿದೆವು. 2005ರಿಂದ ಮೈಸೂರಿನ ಚಾಮುಂಡೇಶ್ವರಿ ವಿದ್ಯುತ್ ಸರಬರಾಜು ನಿಗಮ, ಅಂದರೆ ಸೆಸ್ಕ್. ಬೋರ್ಡು ಬದಲಾದರೂ ನಮ್ಮ ಬಾಯಲ್ಲಿ ಇವತ್ತಿಗೂ ಅದು 'ಕೆ.ಇ.ಬಿ.'ಯೇ! ಬೆಳಗಾವಿ ಜಿಲ್ಲೆಯ ಹುಕ್ಕೇರಿಯಲ್ಲಾದರೋ 1969ರಲ್ಲೇ ಜನ ಸಹಕಾರ ಸಂಘ ಕಟ್ಟಿ ಕರೆಂಟು ಹಂಚತೊಡಗಿದರು. ಸಹಕಾರಿಗಳಾದ ನಮಗೆ ಇದು ಹೆಮ್ಮೆಯ ಮಾತು.

2008ರಿಂದ 10 ಹೆಚ್.ಪಿ.ವರೆಗಿನ ಪಂಪ್‌ಸೆಟ್ಟಿಗೆ ಕರೆಂಟು ಉಚಿತವಾಯಿತು. ರೈತನಿಗೆ ಇದು ದೊಡ್ಡ ಆಸರೆ. ಆದರೆ ಬಿಲ್ಲಿಲ್ಲದ ಮೇಲೆ ಮೋಟಾರು ಎಷ್ಟು ಕರೆಂಟು ತಿನ್ನುತ್ತದೆ ಎಂದು ನೋಡುವವರಾರು? ನಾಲ್ಕು ಸಲ ರೀವೈಂಡ್ ಮಾಡಿಸಿದ ಮೋಟಾರು ಕರೆಂಟು ಜಾಸ್ತಿ ಎಳೆದು ನೀರು ಕಮ್ಮಿ ಕೊಡುತ್ತದೆ. ಆ ಹೊರೆ ಸರ್ಕಾರದ ಸಹಾಯಧನದ ಮೇಲೆ, ಅಂದರೆ ಸುತ್ತಿಬಳಸಿ ನಮ್ಮ ಮೇಲೇ.

ಇದಕ್ಕೊಂದು ದಾರಿ ಹುಡುಕಿದ್ದು ನಮ್ಮ ಮಂಡ್ಯ, ಮದ್ದೂರು, ಮಳವಳ್ಳಿ ಸೀಮೆಯಲ್ಲೇ. 2014ರ ಆಸುಪಾಸಿನಲ್ಲಿ ಸೆಸ್ಕ್ ನಿಗಮವೂ ಕೇಂದ್ರ ಸರ್ಕಾರಿ ಉದ್ಯಮಗಳ ಜಂಟಿ ಸಂಸ್ಥೆಯಾದ ಇ.ಇ.ಎಸ್.ಎಲ್.ಕೂಡಾ ಕೈಜೋಡಿಸಿ, ಸುಮಾರು 1,300 ಹಳೇ ಪಂಪುಗಳನ್ನು ತೆಗೆದು ಸ್ಟಾರ್ ಗುರುತಿನ ಹೊಸ ಪಂಪು ಕೂರಿಸುವ ಯೋಜನೆ ಹಾಕಿಕೊಂಡವು. ರೈತ ದುಡ್ಡು ಕೊಡಬೇಕಿಲ್ಲ. ಬಂಡವಾಳ ಹೂಡುವುದು ಆ ಸಂಸ್ಥೆ, ಉಳಿದ ಕರೆಂಟಿನ ಬಾಬತ್ತಿನಿಂದ ನಿಗಮ ಅದನ್ನು ತೀರಿಸುವುದು. ನಮ್ಮ ಸಂಘದ ಭಾಷೆಯಲ್ಲಿ ಹೇಳುವುದಾದರೆ, ಉಳಿತಾಯವನ್ನೇ ಜಾಮೀನಿಟ್ಟು ಪಡೆದ ಸಾಲ.

ಒಂದು ಮಾತು ಮಾತ್ರ ಮರೆಯಬಾರದು. ಒಳ್ಳೆ ಪಂಪು ನೀರನ್ನು ಬೇಗ ಎತ್ತುತ್ತದೆಯೇ ಹೊರತು ನೀರನ್ನು ಹುಟ್ಟಿಸುವುದಿಲ್ಲ. ಉಳಿದ ಕರೆಂಟಿನಲ್ಲಿ ಇನ್ನಷ್ಟು ಹೊತ್ತು ಮೋಟಾರು ಓಡಿಸಿದರೆ ಬೋರು ಬತ್ತುತ್ತದೆ. ಬೋರು ಬತ್ತಿದ ವರ್ಷ ಬೆಳೆಸಾಲವೂ ಸುಸ್ತಿಯಾಗುತ್ತದೆ. ಆದ್ದರಿಂದ ಸದಸ್ಯರಲ್ಲಿ ನಮ್ಮ ಕೋರಿಕೆ ಇಷ್ಟೆ: ಮೋಟಾರಿಗೆ ಕೆಪಾಸಿಟರ್ ಹಾಕಿಸಿ, ಆಟೋ ಸ್ಟಾರ್ಟರ್ ಬಿಡಿ, ನೀರು ಹಾಯಿಸಲು ಅಕ್ಕಪಕ್ಕದವರು ಸರದಿ ಮಾಡಿಕೊಳ್ಳಿ. ಷೇರಿನ ಹಣವನ್ನು ಒಟ್ಟಾಗಿ ಕಾಪಾಡಿಕೊಂಡು 25 ವರ್ಷ ನಡೆಸಿದ ನಮಗೆ, ಒಂದೇ ಟಿ.ಸಿ.ಯ ಕೆಳಗಿರುವ ಹತ್ತು ಮೋಟಾರುಗಳನ್ನು ಹೊಂದಿಸಿಕೊಳ್ಳುವುದು ಅಸಾಧ್ಯವೇನಲ್ಲ.