ಇಸುಬಿನ ನವೆಗೆ ತಂಪು: ನಡುದಾರಿಯಲ್ಲಿ ನಿಂತ ಒಂದು ಅಧ್ಯಯನ

ಇಸುಬಿನ ನವೆಗೆ ತಣ್ಣೀರ ಬಟ್ಟೆ ಹಾಕಿ ಎಂಬ ಸಲಹೆಗೆ ಚರ್ಮರೋಗದ ಪಠ್ಯಪುಸ್ತಕಗಳು ಒಂದೆರಡು ಸಾಲಿಗಿಂತ ಹೆಚ್ಚು ಜಾಗ ಕೊಡುವುದು ಅಪರೂಪ. ಇತ್ತ ಮೊಬೈಲ್ ಪರದೆಯ ಮೇಲೆ ಐಸ್ ತುಂಬಿದ ತೊಟ್ಟಿಯಲ್ಲಿ ಕುಳಿತವರು ಸಕಲ ಚರ್ಮವ್ಯಾಧಿಗೂ ಶೀತವೇ ಮದ್ದೆಂದು ಸಾರುತ್ತಿದ್ದಾರೆ. ಆ ಮಾತು ನಂಬಿ ಮೊಣಕೈ ಮಡಿಕೆಗೆ ಫ್ರೀಜರಿನ ಐಸನ್ನು ನೇರವಾಗಿ ಒತ್ತಿಕೊಂಡು, ಇಸುಬಿನ ಜೊತೆಗೆ ಬೊಬ್ಬೆಯನ್ನೂ ಹೊತ್ತು ಬರುವ ಹುಡುಗ ಹುಡುಗಿಯರು ಈಗ ನಮ್ಮ ಕ್ಲಿನಿಕ್ಕುಗಳಿಗೆ ಹೊಸಬರಲ್ಲ. ಒಂದು ಕಡೆ ಅಸಡ್ಡೆ, ಇನ್ನೊಂದು ಕಡೆ ಅತಿರೇಕ. ಇವೆರಡರ ನಡುವೆ ಎಂಬತ್ತರ ದಶಕದಿಂದ ಈಚೆಗೆ ನಡೆದ ಗಟ್ಟಿ ಕೆಲಸವೊಂದಿದೆ. ಅದನ್ನು ಎರಡೂ ಕಡೆಯವರು ಓದಿದಂತಿಲ್ಲ.

ಹಳೆಯ ಕಥೆಯನ್ನು ಬೇಗ ಹೇಳಿ ಮುಗಿಸಬಹುದು. ಚರಕಸಂಹಿತೆಯ ಸೂತ್ರಸ್ಥಾನದಲ್ಲಿ ನವೆ ನೀಗುವ ಹತ್ತು ದ್ರವ್ಯಗಳ ಪಟ್ಟಿ ಶುರುವಾಗುವುದೇ ಚಂದನದಿಂದ. ಯುರೋಪಿನಲ್ಲಿ 1660ರಲ್ಲಿ ಜರ್ಮನಿಯ ವೈದ್ಯ ಸ್ಯಾಮ್ಯುಯೆಲ್ ಹಾಫೆನ್‌ರೆಫರ್, ಕೆರೆದುಕೊಳ್ಳಬೇಕೆನ್ನಿಸುವ ಅಹಿತಕರ ಅನುಭವವೇ ನವೆ ಎಂದು ಬರೆದಿಟ್ಟ. ಆ ವ್ಯಾಖ್ಯೆ ಇಂದಿಗೂ ನಡೆಯುತ್ತಿದೆ. ಹತ್ತೊಂಬತ್ತನೆಯ ಶತಮಾನದಲ್ಲಿ ವಿನ್ಸೆಂಟ್ ಪ್ರೀಸ್ನಿಟ್ಸ್ ಮತ್ತು ಅವನ ಹಿಂಬಾಲಕರು ತಣ್ಣೀರಿನಲ್ಲಿ ಅದ್ದಿದ ಬಟ್ಟೆ ಸುತ್ತುವುದನ್ನೇ ಒಂದು ಚಿಕಿತ್ಸಾಪದ್ಧತಿಯನ್ನಾಗಿ ಬೆಳೆಸಿದರು. ಶ್ರದ್ಧೆಗೆ ಕೊರತೆಯಿರಲಿಲ್ಲ, ಅಳತೆ ಮಾತ್ರ ಇರಲಿಲ್ಲ. 1920ರ ದಶಕದಲ್ಲಿ ಲಂಡನ್ನಿನ ಥಾಮಸ್ ಲೂಯಿಸ್ ಚರ್ಮದಲ್ಲಿ ಹಿಸ್ಟಮಿನ್‌ನಂಥ ವಸ್ತುವಿನ ಕೆಲಸವನ್ನು ತೋರಿಸಿಕೊಟ್ಟಾಗ ಪ್ರಯೋಗಕ್ಕೆ ದಾರಿಯಾಯಿತು. ಆದರೆ ಅದೇ ಕಾಲದಲ್ಲಿ, ನವೆಯೆಂದರೆ ಮಂದವಾದ ನೋವು ಎಂಬ ವಾದವೂ ಬೇರೂರಿತು. ನವೆ ನೋವಿನ ತಮ್ಮನೇ ಆದರೆ ಅದಕ್ಕೆ ಪ್ರತ್ಯೇಕ ಅಧ್ಯಯನ ಏಕೆ, ಶೀತ ಮೈಯನ್ನು ಮರಗಟ್ಟಿಸುತ್ತದೆ ಎಂದರೆ ಸಾಲದೆ? ಈ ಸೋಮಾರಿ ವಿವರಣೆ ಹಲವು ದಶಕ ಕಾಲ ಯಾರನ್ನೂ ಕಾಡಲಿಲ್ಲ.

ಕಾಡತೊಡಗಿದ್ದು ನಮ್ಮ ತಲೆಮಾರು ಈ ಕ್ಷೇತ್ರಕ್ಕೆ ಕಾಲಿಡುವ ಹೊತ್ತಿಗೆ. 1986ರಲ್ಲಿ ಜರ್ಮನಿಯ ಮಾರ್ಬುರ್ಗ್‌ನ ಫ್ರುಸ್ಟಾರ್ಫರ್ ಮತ್ತು ಸಂಗಡಿಗರು ‘ಪೇನ್’ ಪತ್ರಿಕೆಯಲ್ಲಿ ಒಂದು ಲೇಖನ ಪ್ರಕಟಿಸಿದರು. ಇಸುಬಿನ ರೋಗಿಗಳ ನವೆ, ಹಿಸ್ಟಮಿನ್ ಹಾಕಿ ಎಬ್ಬಿಸಿದ ನವೆ ಎರಡನ್ನೂ ಬಿಸಿ ತಂಪುಗಳ ಎದುರು ಇಟ್ಟು ನೋಡಿದ ಕೆಲಸವದು. ಬಹುಪಾಲು ರೋಗಿಗಳಿಗೆ ತಂಪು ತಾಗಿದಾಗ ನವೆ ಇಳಿಯಿತು. ಇದರಲ್ಲಿ ಹೊಸತೇನು ಎಂದು ಯಾವ ಅಜ್ಜಿಯೂ ಕೇಳಬಹುದು. ಹೊಸತೆಂದರೆ, ರೋಗಿಯ ಅನುಭವವನ್ನು ಅಳೆಯಬಹುದಾದ ಸಂಗತಿಯೆಂದು ಕಂಡದ್ದು. ನನ್ನ ಮಟ್ಟಿಗೆ ಈ ಕ್ಷೇತ್ರ ಹುಟ್ಟಿದ್ದೇ ಅಲ್ಲಿ.

1995ರಲ್ಲಿ ಬ್ರಾಮ್, ಶರೈನ್, ಡಾರ್ಸೋ ಮತ್ತು ರಿಂಗ್ ಇನ್ನೊಂದು ಹೆಜ್ಜೆ ಮುಂದೆ ಹೋದರು. ಹಿಸ್ಟಮಿನ್ ನವೆಯ ಮೇಲೆ ನಿಜವಾದ ತಂಪು ಒಂದು ಕಡೆ, ಮೆಂಥಾಲ್ ಇನ್ನೊಂದು ಕಡೆ. ಎರಡೂ ನವೆಯನ್ನು ಅಡಗಿಸಿದವು. ಆದರೆ ಮೆಂಥಾಲ್ ಹಚ್ಚಿದಲ್ಲಿ ಚರ್ಮದ ಉಷ್ಣತೆ ಇಳಿದಿರಲಿಲ್ಲ! ಅಂದರೆ ನವೆಯನ್ನು ತಗ್ಗಿಸಲು ಚರ್ಮ ನಿಜಕ್ಕೂ ತಣ್ಣಗಾಗಬೇಕಿಲ್ಲ, ತಂಪಿನ ಸುದ್ದಿ ನರದ ಮೂಲಕ ಒಳಗೆ ಹೋದರೆ ಸಾಕು. ಮರಗಟ್ಟಿಸುವ ವಾದ ಇಲ್ಲಿಗೆ ಬಿದ್ದುಹೋಗಬೇಕಿತ್ತು. ನವೆಯನ್ನು ಒಯ್ಯುವ ಸಪೂರ ಸಿ ನರತಂತುಗಳು ಶೀತಕ್ಕೆ ಸುಲಭದಲ್ಲಿ ಸೋಲುವಂಥವಲ್ಲ. ಅವು ಪೂರ್ತಿ ಸುಮ್ಮನಾಗಬೇಕಾದರೆ ನರದ ಉಷ್ಣತೆ ಸೊನ್ನೆಯ ಸಮೀಪಕ್ಕೆ ಇಳಿಯಬೇಕು. ಒದ್ದೆ ಬಟ್ಟೆಯಿಂದ ಅದು ಆಗದ ಮಾತು. 1997ರಲ್ಲಿ ಷ್ಮೆಲ್ಟ್ಸ್ ಮತ್ತು ಸಂಗಡಿಗರು ಹಿಸ್ಟಮಿನ್‌ಗೆ ದೀರ್ಘಕಾಲ ಸ್ಪಂದಿಸುವ ಸಿ ತಂತುಗಳನ್ನು ಮನುಷ್ಯರ ನರದಲ್ಲೇ ಗುರುತಿಸಿದ ಮೇಲೆ, ನವೆಗೆ ತನ್ನದೇ ದಾರಿಯಿದೆ ಎನ್ನುವುದಕ್ಕೂ ಬಲ ಬಂತು.

ಈ ಪರಂಪರೆಯಲ್ಲಿ ನನಗೆ ಅತ್ಯಂತ ಪ್ರಿಯವಾದದ್ದು ಮ್ಯೂನಿಕ್‌ನ ಪ್ಫಾಬ್ ಮತ್ತು ಸಂಗಡಿಗರ 2006ರ ಪ್ರಯೋಗ. ಹಿಸ್ಟಮಿನ್ ಹಾಕಿದ ಚರ್ಮದ ಉಷ್ಣತೆಯನ್ನು ಅವರು 32 ಡಿಗ್ರಿಗೂ 25 ಡಿಗ್ರಿಗೂ ನಡುವೆ ಸ್ವಲ್ಪ ಸ್ವಲ್ಪ ಹೊತ್ತಿಗೆ ಬದಲಿಸುತ್ತ ಹೋದರು. 25ಕ್ಕೆ ಇಳಿದಾಗ ನವೆ ತಗ್ಗಲಿಲ್ಲ, ಏರಿತು. ಮೊದಲಿನ ಫಲಿತಾಂಶಗಳಿಗೆ ಪೂರಾ ಎದುರು. ತಂಪು ಎಷ್ಟು ಡಿಗ್ರಿ, ಎಷ್ಟು ಹೊತ್ತು, ಮೆಲ್ಲಗೆ ಬಂತೋ ತಟ್ಟನೆ ಬಂತೋ ಎಂಬುದರ ಮೇಲೆ ಫಲ ತಿರುಗಿಬೀಳುತ್ತದೆ ಎನ್ನುವುದನ್ನು ಇಷ್ಟು ಸ್ಪಷ್ಟವಾಗಿ ತೋರಿಸಿದ ಕೆಲಸ ಮತ್ತೊಂದಿಲ್ಲ. ಬಚ್ಚಲಿಗೆ ಹೋಗಿ ಬಟ್ಟೆ ಬಿಚ್ಚಿದೊಡನೆ ಮೈಯೆಲ್ಲ ನವೆ ಹತ್ತುತ್ತದೆ ಎಂದು ಇಸುಬಿನ ರೋಗಿಗಳು ಹೇಳುತ್ತಲೇ ಇರುತ್ತಾರೆ. ಅದನ್ನು ಮನಸ್ಸಿನ ಭ್ರಮೆಯೆಂದು ತಳ್ಳಿಹಾಕುವ ವೈದ್ಯರು ಈ ಲೇಖನವನ್ನು ಓದಬೇಕು. ಇದೇ ಗುಂಪು ಇದೇ ವಿಧಾನವನ್ನು ಹಿಡಿದು ಮೆದುಳಿನ ಚಿತ್ರಣಕ್ಕೂ, 2010ರಲ್ಲಿ ಇಸುಬಿನ ರೋಗಿಗಳ ಚರ್ಮಕ್ಕೂ ಹೋಯಿತು. ಆಮೇಲೆ ಆ ಎಳೆ ತೆಳುವಾಯಿತು.

ತೆಳುವಾದದ್ದಕ್ಕೆ ಕಾರಣ ಅಣುಜೀವಶಾಸ್ತ್ರದ ಗೆಲುವು. 2002ರಲ್ಲಿ ಡೇವಿಡ್ ಜೂಲಿಯಸ್ ಮತ್ತು ಆರ್ಡೆಮ್ ಪಟಪೂಟಿಯನ್ ಅವರ ಪ್ರಯೋಗಾಲಯಗಳು ಬೇರೆಬೇರೆಯಾಗಿ ಟಿಆರ್‌ಪಿಎಂ8 ಎಂಬ ಗ್ರಾಹಿಯನ್ನು ಕಂಡುಹಿಡಿದವು. ಅದು ತಂಪಿಗೂ ಮೆಂಥಾಲಿಗೂ ತೆರೆಯುವ ಬಾಗಿಲು. 2021ರ ನೊಬೆಲ್ ಇವರಿಬ್ಬರಿಗೆ ಬಂತು. 2014ರಲ್ಲಿ ಸಾರಾ ರಾಸ್ ಅವರ ಗುಂಪು, ಬೆನ್ನುಹುರಿಯಲ್ಲಿ ನವೆಯನ್ನು ತಡೆಹಿಡಿಯುವ ನರಕೋಶಗಳಿವೆ, ಮೆಂಥಾಲ್ ಅವನ್ನು ಎಚ್ಚರಿಸುತ್ತದೆ ಎಂದು ಇಲಿಗಳಲ್ಲಿ ತೋರಿಸಿತು. 2018ರಲ್ಲಿ ಮೆಕೆಮಿ ಗುಂಪು, ಟಿಆರ್‌ಪಿಎಂ8 ಇಲ್ಲದ ಇಲಿಗಳಿಗೆ ತಂಪಿನಿಂದ ನವೆ ಶಮನವಾಗದೆಂದು ಸಾಬೀತುಮಾಡಿತು. ಸುಂದರವಾದ ವಿಜ್ಞಾನ. ಆದರೆ ಈ ಹಂತದಲ್ಲಿ ಪ್ರಯೋಗದ ಮೇಜಿನಿಂದ ರೋಗಿ ಎದ್ದುಹೋದ, ಇಲಿ ಬಂದು ಕುಳಿತಿತು.

ಮತ್ತೊಂದು ಸಮಸ್ಯೆ ಮೊದಲಿಂದಲೂ ಇತ್ತು. ಮನುಷ್ಯರಲ್ಲಿ ನಡೆದ ತಂಪಿನ ಪ್ರಯೋಗಗಳಲ್ಲಿ ಹೆಚ್ಚಿನವು ಹಿಸ್ಟಮಿನ್ ನವೆಯ ಮೇಲೆ. ಇಸುಬಿನ ನವೆಯಲ್ಲಿ ಹಿಸ್ಟಮಿನ್ ಪಾತ್ರ ಚಿಕ್ಕದು. ನಿದ್ದೆ ಬರಿಸುವುದನ್ನು ಬಿಟ್ಟರೆ ಆಂಟಿಹಿಸ್ಟಮಿನ್ ಮಾತ್ರೆ ಇಸುಬಿಗೆ ಹೆಚ್ಚೇನೂ ಮಾಡದೆ ಇರುವುದು ಅದಕ್ಕೇ. ಇನ್ನೊಂದು ದಾರಿ ತೋರಿಸಿದ್ದು ನಮ್ಮ ಮಲೆನಾಡಿನ ಬೇಲಿಗಳಲ್ಲೂ ಹಬ್ಬುವ ನಸುಗುನ್ನಿ. ಅದರ ಕಾಯಿಯ ಸುಂಕು ತಾಗಿದರೆ ಏನಾಗುತ್ತದೆ ಎಂದು ಹಳ್ಳಿಯ ಮಕ್ಕಳಿಗೆ ಹೇಳಿಕೊಡಬೇಕಿಲ್ಲ. 1955ರಲ್ಲಿ ಶೆಲ್ಲಿ ಮತ್ತು ಆರ್ಥರ್ ಆ ಸುಂಕಿನಲ್ಲಿರುವ ಕಿಣ್ವವನ್ನು ಹೆಸರಿಸಿದರು. 2008ರಲ್ಲಿ ರೆಡ್ಡಿ, ಲರ್ನರ್ ಮತ್ತು ಸಂಗಡಿಗರು ಅದು ಹಿಸ್ಟಮಿನ್‌ಗೆ ಸಂಬಂಧವಿಲ್ಲದ ಗ್ರಾಹಿಗಳನ್ನು ಕೆರಳಿಸುತ್ತದೆಂದು ತೋರಿಸಿದರು. ಇಸುಬಿನ ನವೆಗೆ ಹತ್ತಿರದ ಮಾದರಿ ಇದು. ಮೆಕೆಮಿಯ ಇಲಿಗಳಲ್ಲಿ ತಂಪು ಎರಡೂ ಬಗೆಯ ನವೆಯನ್ನು ತಗ್ಗಿಸಿದ್ದರಿಂದ ಭರವಸೆಯಂತೂ ಇದೆ.

ಚಿಕಿತ್ಸೆಯ ಕಡೆ ಬಂದರೆ, 1991ರಲ್ಲಿ ಲಂಡನ್ನಿನ ಗುಡ್‌ಇಯರ್, ಹಾರ್ಪರ್ ಮೊದಲಾದವರು ಮಕ್ಕಳ ಇಸುಬಿಗೆ ಒದ್ದೆ ಬ್ಯಾಂಡೇಜಿನ ಪದ್ಧತಿಯನ್ನು ಬಳಕೆಗೆ ತಂದರು. ಒಳಗೆ ಮುಲಾಮು, ಅದರ ಮೇಲೆ ಒದ್ದೆ ಪದರ, ಹೊರಗೆ ಒಣ ಪದರ. ನೀರು ಆರುತ್ತ ಚರ್ಮವನ್ನು ತಂಪಾಗಿಸುತ್ತದೆ, ಜೊತೆಗೆ ಮುಲಾಮು ಒಳಗಿಳಿಯುತ್ತದೆ. ಗುಣವಾದದ್ದು ಯಾವುದರಿಂದ ಎಂದು ಬಿಡಿಸಿ ಹೇಳುವುದು ಕಷ್ಟ. ಈಚೆಗೆ ಟಿಆರ್‌ಪಿಎಂ8 ಅನ್ನು ಪ್ರಚೋದಿಸುವ ಕ್ರೀಮು, ಜೆಲ್‌ಗಳ ಮೇಲೆ ಜರ್ಮನಿಯಲ್ಲಿ 2017ರಲ್ಲಿ, ಕೊರಿಯಾದಲ್ಲಿ 2021ರಲ್ಲಿ ನಿಯಂತ್ರಿತ ಪರೀಕ್ಷೆಗಳು ಪ್ರಕಟವಾದವು. ಟ್ಯೂಬಿನಲ್ಲಿ ತುಂಬಿ ಮಾರಬಹುದಾದ ತಂಪಿಗೆ ಹಣ ಹೂಡುವವರಿದ್ದಾರೆ, ಮಡಕೆಯ ನೀರಿಗಿಲ್ಲ. 2017ರಲ್ಲಿ ಅಮೆರಿಕದಲ್ಲಿ ಅನುಮತಿ ಪಡೆದ ಡುಪಿಲುಮ್ಯಾಬ್ ಇಸುಬಿನ ಚಿಕಿತ್ಸೆಯನ್ನೇ ಬದಲಿಸಿತು. ಅದರ ಬಗ್ಗೆ ನನಗೆ ಪೂರ್ಣ ಗೌರವವಿದೆ. ಆದರೆ ಆ ಚುಚ್ಚುಮದ್ದಿನ ಬೆಲೆ ಕೊಡಲಾರದ ಮನೆಯಲ್ಲಿ ರಾತ್ರಿ ಎರಡು ಗಂಟೆಗೆ ಮಗು ಕೆರೆದುಕೊಂಡು ಅಳುವಾಗ ತಾಯಿಯ ಕೈಗೆ ಏನು ಕೊಡುತ್ತೇವೆ?

ಏನೂ ಕೊಡದಿದ್ದರೆ ಅವಳು ಬಿಸಿನೀರು ಹುಯ್ಯುತ್ತಾಳೆ. ಅಂಗೈ ಇಸುಬಿರುವ ಹೆಂಗಸರು ಹಂಡೆಯ ಸುಡುನೀರಿಗೆ ಕೈಯೊಡ್ಡಿ, ಹಲ್ಲು ಕಚ್ಚಿ, ಆಮೇಲೆ ‘ಅಬ್ಬಾ, ಹಾಯಾಯ್ತು’ ಎನ್ನುವುದನ್ನು ನಾನು ಬಲ್ಲೆ. ಅದು ಸುಳ್ಳಲ್ಲ. ನೋಯುವಷ್ಟು ಬಿಸಿ ನವೆಯನ್ನು ಅಡಗಿಸುತ್ತದೆಂದು ಯೋಸಿಪೊವಿಚ್ ಮತ್ತು ಸಂಗಡಿಗರ ಪ್ರಯೋಗಗಳೂ ಹೇಳುತ್ತವೆ. ಆದರೆ ಮೊದಲೇ ಒಣಗಿ ಬಿರಿದ ಚರ್ಮದ ಜಿಡ್ಡನ್ನು ಆ ನೀರು ತೊಳೆದೊಯ್ದು, ಮತ್ತಷ್ಟು ನವೆಯನ್ನು ತಂದಿಡುತ್ತದೆ. ಅವರಿಗೆ ನಾನು ಹೇಳುವುದು ಹೀಗೆ: ಹಳೆಯ ಪಂಚೆಯ ತುಂಡನ್ನು ಮಡಕೆಯ ನೀರಿನಲ್ಲಿ ಅದ್ದಿ, ತೊಟ್ಟಿಕ್ಕದಂತೆ ಹಿಂಡಿ, ನವೆಯ ಜಾಗದ ಮೇಲೆ ಹತ್ತು ನಿಮಿಷ ಹಾಸಿ. ಬಟ್ಟೆ ಬೆಚ್ಚಗಾದರೆ ಮತ್ತೆ ಅದ್ದಿ. ತೆಗೆದ ಮೇಲೆ ಉಜ್ಜದೆ ಒತ್ತಿ ಒರೆಸಿ, ಪಸೆ ಆರುವ ಮುಂಚೆ ಮಾಯಿಶ್ಚರೈಸರ್ ಹಚ್ಚಿ. ಐಸ್ ಬಳಸಿದರೆ ಬಟ್ಟೆಯಲ್ಲಿ ಸುತ್ತಿ, ಸ್ವಲ್ಪವೇ ಹೊತ್ತು ಇಡಿ. ಶೀತಕ್ಕೆ ದದ್ದು ಏಳುವವರು, ಚಳಿಗೆ ಬೆರಳು ಬಿಳಿಚುವವರು ಇದರ ಗೊಡವೆಗೆ ಹೋಗಬಾರದು. ಮುಟ್ಟಿದ್ದು ಗೊತ್ತಾಗದ ಮಚ್ಚೆಯಿದ್ದರೆ ಅದು ಕುಷ್ಠವಿರಬಹುದು. ಅಲ್ಲಿ ಐಸೂ ಬೇಡ, ಬಿಸಿಯೂ ಬೇಡ, ಮೊದಲು ವೈದ್ಯರಿಗೆ ತೋರಿಸಬೇಕು. ಬಿರಿದ ಚರ್ಮಕ್ಕೆ ಮೆಂಥಾಲ್ ಉರಿ ತರುತ್ತದೆ. ಎಳೆ ಕೂಸುಗಳ ಮುಖದ ಹತ್ತಿರ ಅದನ್ನು ಒಯ್ಯಲೇಬಾರದು.

ಈ ಹತ್ತು ನಿಮಿಷ ಅನುಭವದಿಂದ ಬಂದ ಅಂದಾಜು. ಅದನ್ನು ಅಂದಾಜಾಗಿಯೇ ಉಳಿಸಬೇಕಾಗಿಲ್ಲ. ನಮಗೆ ಗೊತ್ತಿರುವ ಅಂಕಿಗಳು ಮಾರ್ಬುರ್ಗ್, ಮ್ಯೂನಿಕ್‌ಗಳ ಪ್ರಯೋಗಾಲಯದವು. ಕಲಬುರಗಿಯ ಮೇ ತಿಂಗಳಲ್ಲಿ ನಲ್ಲಿಯ ನೀರೇ ಬೆಚ್ಚಗಿರುತ್ತದೆ, ಮಂಗಳೂರಿನ ಸೆಕೆಯಲ್ಲಿ ಒದ್ದೆ ಬಟ್ಟೆ ಆರುವುದೇ ನಿಧಾನ. ಒಂದೇ ಸಲಹೆ ಎರಡೂ ಊರಿಗೆ ಹೊಂದುವುದಿಲ್ಲ. ಜಿಲ್ಲಾ ಆಸ್ಪತ್ರೆಯ ಚರ್ಮರೋಗ ವಿಭಾಗದಲ್ಲೇ ಈ ಪರೀಕ್ಷೆ ನಡೆಸಬಹುದು: ಕೆಲವರಿಗೆ ಮಡಕೆಯ ನೀರಿನ ಬಟ್ಟೆ, ಕೆಲವರಿಗೆ ಮೈಯಷ್ಟೇ ಬೆಚ್ಚಗಿರುವ ನೀರಿನ ಬಟ್ಟೆ, ಎಲ್ಲರಿಗೂ ಒಂದೇ ಮಾಯಿಶ್ಚರೈಸರ್. ಚರ್ಮದ ಉಷ್ಣತೆ ನೋಡಲು ಥರ್ಮಾಮೀಟರ್, ನವೆಗೆ ಸೊನ್ನೆಯಿಂದ ಹತ್ತರವರೆಗಿನ ಅಂಕ. ಬಟ್ಟೆ ತೆಗೆದ ತಕ್ಷಣದ ಅಂಕ ಸಾಲದು, ಗಂಟೆ ಕಳೆದ ಮೇಲಿನದ್ದೂ ನಡುರಾತ್ರಿಯದ್ದೂ ಬೇಕು. ಒದ್ದೆಯಿಂದ ಆಗುವ ಉಪಕಾರ ಯಾವುದು, ತಂಪಿನಿಂದ ಆಗುವುದು ಯಾವುದು ಎಂಬ ಲಂಡನ್ನಿನ ಹಳೆಯ ಗೋಜಲೂ ಅದರಲ್ಲೇ ಬಿಡಿಸಿಕೊಳ್ಳುತ್ತದೆ.